ಅಪ್ಪ ಮೆತ್ತಿದ ಗೋಡೆ

೨೬ ಮಾರ್ಚ್, ಗುರುವಾರ ಬೆಳಿಗ್ಗೆ

ದೊಡ್ಡ ಮಗಳೇ,

ನಿನಗೂ, ನಿನ್ನ ಮನೆಯವರಿಗೂ, ನಿಮ್ಮಲ್ಲಿ ಬಂದು ಕೂತಿರುವ ನಿನ್ನ ತಂಗಿ ಗುಬ್ಬಿಗೂ ನನ್ನ ಆಶೀರ್ವಾದ. ಇಲ್ಲಿ ನಾನು, ನಿಮ್ಮಮ್ಮ ಇಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ಚೆನ್ನಾಗಿಲ್ಲ. "ಗುಬ್ಬಿ ನಮ್ಮಲ್ಲಿದ್ದಾಳೆ, ನೀವು ಬರಬೇಡಿ" ಎಂಬ ನಿನ್ನ ಒಂದು ಸಾಲಿನ ಕಾಗದ ಬಂದು ಹದಿನೆಂಟು ದಿನವಾಯಿತು. ಹುಟ್ಟಿದಾಗಿನಿಂದ ನನ್ನನ್ನು ನೀನು ಎನ್ನುತ್ತಿದ್ದವಳು ನೀವು ಎಂದು ಬರೆದಿದ್ದೀಯ. ಅದೂ ಅರ್ಥವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನನ್ನ ಬಲಗೈಯಲ್ಲಿ ಎರಡು ಮೂಳೆ ಮುರಿದು ಕಟ್ಟು ಹಾಕಿದ್ದಾರೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದರಿದಂಥ ಅಕ್ಷರ, ಸುಧಾರಿಸಿಕೊಂಡು ಓದು.

ಗುಬ್ಬಿ ನಿನ್ನ ಹತ್ತಿರ ಏನು ಹೇಳಿದ್ದಾಳೋ ನನಗೆ ಗೊತ್ತಿಲ್ಲ. ನಡೆದದ್ದನ್ನು ನನ್ನ ಬಾಯಿಂದಲೂ ಒಮ್ಮೆ ಕೇಳು. ಕಾಗದ ಹರಿಯುವುದಾದರೆ ಪೂರ್ತಿ ಓದಿ ಹರಿ.

ಅದು ಗುಬ್ಬಿಯ ಕಲಾಶಾಲೆಯ ಕೊನೆಯ ವರ್ಷದವರ ಪ್ರದರ್ಶನ. "ನಾನು ಎಲ್ಲಿಂದ ಬಂದೆ" ಎಂದು ವಿಷಯ ಕೊಟ್ಟಿದ್ದರಂತೆ. ಅದೇ ಪರೀಕ್ಷೆಯೂ ಹೌದು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಹೊರಗಿನ ಪರೀಕ್ಷಕರು ಬಂದು ನೋಡಿ ಪಾಸೋ ಫೇಲೋ ಹೇಳುವವರಿದ್ದರು. ನಿಮ್ಮಮ್ಮ ಮಂಡಿನೋವು ಎಂದು ಬರಲಿಲ್ಲ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಮೂವತ್ತೈದು ವರ್ಷ ಊರವರ ಗೋಡೆಗೆಲ್ಲ ಗಾರೆ ಬಳಿದವನ ಮಗಳು ಅಂಥದೇ ಗೋಡೆಗೆ ತನ್ನ ಕೈಕೆಲಸ ತೂಗುಹಾಕುತ್ತಾಳೆ ಎಂದರೆ ಯಾವ ಅಪ್ಪನಿಗೆ ಎದೆ ಉಬ್ಬುವುದಿಲ್ಲ, ಹೇಳು. ಒಬ್ಬ ಹುಡುಗ ಸತ್ತುಹೋದ ಅಜ್ಜಿಯ ಬಟ್ಟೆಗಳನ್ನೆಲ್ಲ ಸೇರಿಸಿ ಹೊಲಿದು ದೋಣಿಯ ಹಾಯಿ ಮಾಡಿದ್ದ. ಒಬ್ಬ ಕ್ಷೌರಿಕನ ಮಗಳು ಅಂಗಡಿಯಲ್ಲಿ ಗುಡಿಸಿದ ಕೂದಲನ್ನೇ ಅಂಟಿಸಿ ಅಪ್ಪನ ಮುಖ ಮಾಡಿದ್ದಳು. ಆ ಕ್ಷೌರಿಕ ಅದರ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ನನ್ನ ಮುಖವೂ ಇಲ್ಲೆಲ್ಲೋ ಇರಬೇಕು ಎಂದು ನಾನೂ ಹುಡುಕಿದೆ.

ಗುಬ್ಬಿಯ ಗೋಡೆಯಲ್ಲಿ ಮುಖ ಇರಲಿಲ್ಲ. ಬಿಳಿ ಪ್ಲಾಸ್ಟರಿನ ಒಂಬತ್ತು ಚೌಕಗಳಿದ್ದವು. ಒಂದು ಮೇಲೆ, ಒಂದು ಕೆಳಗೆ, ಒಂಬತ್ತನೆಯದಂತೂ ನನ್ನ ಹೊಟ್ಟೆಯ ಮಟ್ಟಕ್ಕೆ. ಒಂದೊಂದರ ನಡುವೆ ಒಂದೊಂದು ಗುಳಿ. ಕೆಳಗೆ ಚೀಟಿಗಳಿದ್ದವು, ಸಣ್ಣ ಅಕ್ಷರ, ನಾನು ಓದುವ ಗೋಜಿಗೆ ಹೋಗಲಿಲ್ಲ. ಗಾರೆಯವನು ಗೋಡೆಯನ್ನು ಬೆರಳಲ್ಲಿ ಓದುತ್ತಾನೆ. ಸವರಿ ನೋಡಿದೆ. ಎಲ್ಲೂ ಗುಳ್ಳೆಯಿಲ್ಲ, ಬಿರುಕಿಲ್ಲ, ಅಂಚು ಕೂದಲೆಳೆಯಷ್ಟೂ ಸೊಟ್ಟಗಿಲ್ಲ. "ಕಸುಬು ಗೊತ್ತಿರೋರ ಕೈ ಇದು" ಎಂದು ಪಕ್ಕದಲ್ಲಿದ್ದ ಕ್ಷೌರಿಕನಿಗೆ ಜೋರಾಗಿಯೇ ಹೇಳಿದೆ. "ನನ್ನ ಮಗಳು. ಗುಳಿ ಮುಚ್ಚೋದೊಂದು ಮರೆತಿದಾಳೆ ನೋಡಿ." ಅವನು ನಕ್ಕ. ನಾನು ಆಳ ಎಷ್ಟಿದೆ ನೋಡೋಣ ಎಂದು ಮುಷ್ಟಿ ಮಾಡಿ ಒಂದರೊಳಗೆ ಇಟ್ಟೆ.

ಕೂತುಬಿಟ್ಟಿತು. ನನ್ನ ಕಿರುಬೆರಳಿನ ಗೆಣ್ಣು ಹಿಂದೊಮ್ಮೆ ಮುರಿದು ಒಳಕ್ಕೆ ಕುಸಿದಿದೆ, ನಿನಗೆ ಗೊತ್ತು. ಆ ಗುಳಿಯಲ್ಲೂ ಮೂರು ಗೆಣ್ಣು ಆಳ, ನಾಲ್ಕನೆಯದು ಮೇಲೆ. ಎರಡನೆಯದಕ್ಕೆ ಇಟ್ಟೆ, ಅದೂ ಹಾಗೇ. ಇವು ನಮ್ಮ ಮನೆಯ ಅಡ್ಡಗೋಡೆಯ ಗುಳಿಗಳು ಎಂದು ಆಗ ಹೊಳೆಯಿತು. ಮರದ ಪಟ್ಟಿ ಹೊಡೆದು ಗಾರೆ ಮೆತ್ತಿದ ತೆಳು ಗೋಡೆ ಅದು, ಗುದ್ದಿದರೆ ಗುಳಿ ಬೀಳುತ್ತದೆ. ಬಿದ್ದ ಒಂದೊಂದು ಗುಳಿಯನ್ನೂ ನಾನು ಮರುದಿನ ಬೆಳಿಗ್ಗೆ ನೀವು ಏಳುವುದರೊಳಗೆ ಮೆತ್ತಿ, ಉಪ್ಪುಕಾಗದ ತಿಕ್ಕಿ, ಸುಣ್ಣ ಬಳಿದು ಮುಗಿಸುತ್ತಿದ್ದೆ. ಬಂದ ನೆಂಟರಿಗೆ ಒಂದು ಕಲೆಯೂ ಕಾಣುತ್ತಿರಲಿಲ್ಲ. ನಾನು ದೂರದ ಕೆಲಸಕ್ಕೆ ಹೋಗಿದ್ದ ಮೂರು ವಾರದಲ್ಲಿ ಗುಬ್ಬಿ ಅವನ್ನೆಲ್ಲ ಕೆರೆದು ತೆರೆದಿದ್ದಾಳೆ. ಹೊಸ ಗಾರೆ ಹಳೆಯದನ್ನು ಪೂರ್ತಿ ಕಚ್ಚಿಕೊಳ್ಳುವುದಿಲ್ಲ, ನಿಧಾನಕ್ಕೆ ಕೆರೆದರೆ ಚಿಪ್ಪಿನ ಹಾಗೆ ಏಳುತ್ತದೆ. ಅದನ್ನು ಅವಳಿಗೆ ಹೇಳಿಕೊಟ್ಟವನೂ ನಾನೇ. ಗುಳಿಗಳಿಗೆ ಜೇಡಿಮಣ್ಣು ಒತ್ತಿ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಪ್ಲಾಸ್ಟರ್ ಎರೆದಿದ್ದಾಳೆ. ನಿಮ್ಮಮ್ಮ ಬೀರು, ಕನ್ನಡಿ, ಕ್ಯಾಲೆಂಡರ್ ಎಲ್ಲ ಅಡ್ಡ ಇಟ್ಟು ನನಗೆ ಸುಳಿವು ಸಿಗದ ಹಾಗೆ ನೋಡಿಕೊಂಡಿದ್ದಾಳೆ.

ಆಮೇಲೆ ನನಗೆ ಕಣ್ಣು ಕತ್ತಲೆಯಾಯಿತು. ಮೊದಲನೆಯದನ್ನು ಕಿತ್ತು ನೆಲಕ್ಕೆ ಬಡಿದೆ. ಎರಡನೆಯದನ್ನು ಮಂಡಿಗೆ ಹಾಕಿ ಮುರಿದೆ. ಮೂರನೆಯದನ್ನು ಎಸೆದದ್ದು ಕ್ಷೌರಿಕನ ಮೊಣಕಾಲಿಗೆ ತಗುಲಿ, ಅವನ ಬಿಳಿ ಪ್ಯಾಂಟು ರಕ್ತವಾಯಿತು. ಶಿಲ್ಪ ಕಲಿಸುವ ಮೇಡಂ ಹಿಂದಿನಿಂದ ತೋಳು ಹಿಡಿದುಕೊಂಡರು. ಕೊಡವಿ ತಳ್ಳಿದೆ, ಅವರು ಮೇಜಿನ ಸಮೇತ ಉರುಳಿದರು. ಇಬ್ಬರು ಹುಡುಗರು ಕುತ್ತಿಗೆಗೆ ಜೋತುಬಿದ್ದರು. ಕನ್ನಡಕ ಕೆಳಗೆ ಬಿತ್ತು, ಅದನ್ನೂ ನಾನೇ ತುಳಿದೆ. ಐದನೆಯದು ಮುಗಿದ ಮೇಲೆ ಕೈಗೆ ಸಿಕ್ಕಿದ್ದು ಬರೀ ಗೋಡೆ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಗುದ್ದಿದೆ. ಗಾರೆ ಒಡೆದು ಕೈ ಒಳಗೆ ಹೋಗಿ, ಹಿಂದಿದ್ದ ಮರದ ಕಂಬಕ್ಕೆ ಬಡಿಯಿತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

ಗುಬ್ಬಿ ಇದ್ದಲ್ಲೇ ಇದ್ದಳು. ಅಳಲಿಲ್ಲ, ಅಡ್ಡ ಬರಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಳು, ಮಗಳೇ. ಚಿಕ್ಕವಳಿದ್ದಾಗ ಮೇಜಿನ ಕೆಳಗೆ ಕೂತು ಎಣಿಸುತ್ತಿದ್ದಳಲ್ಲ, ಹಾಗೆ. "ಹತ್ತರೊಳಗೆ ನಿಲ್ಲುತ್ತೆ ಅಂತ ನಮ್ಮಕ್ಕ ಹೇಳಿದಾಳೆ" ಎನ್ನುತ್ತಿದ್ದಳು.

ಒಂದು ಮಾತು ನಾನೂ ಕೇಳಬೇಕು. ಗೋಡೆಗೆ ಹೊಡೆದೆ, ಪಾತ್ರೆ ಒಡೆದೆ, ಇಲ್ಲ ಎನ್ನುವುದಿಲ್ಲ. ನಿಮ್ಮ ಮೇಲೆ ಕೈಯೆತ್ತಿದ್ದೇನೆಯೆ? ಎಷ್ಟೋ ಅಪ್ಪಂದಿರು ಬೆಲ್ಟು ಬಿಚ್ಚುತ್ತಾರೆ. ನೀನು ಎಂಟು ವರ್ಷದವಳಿದ್ದಾಗ ಮೆಟ್ಟಿಲಿಂದ ಬಿದ್ದು ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡೆಯಲ್ಲ, ಅಂದು ಗಾಡಿ ಸಿಗದೆ ಆಸ್ಪತ್ರೆಯವರೆಗೆ ನಿನ್ನನ್ನು ಹೊತ್ತು ಓಡಿದವನು ಯಾರು? ಅದಕ್ಕೆ ಯಾರೂ ಪ್ಲಾಸ್ಟರಿನ ಚೌಕ ಮಾಡುವುದಿಲ್ಲ.

ಇರಲಿ. ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ನೀನು ಅಂದುಕೊಂಡಿರುವುದಲ್ಲ ಅದು.

ಕೈಗೆ ಕಟ್ಟು ಹಾಕಿಸಿಕೊಂಡು ಮನೆಗೆ ಬಂದೆ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಕೂತೆ, ಮಗಳ ಪರೀಕ್ಷೆ ಹಾಳುಮಾಡಿದೆನಲ್ಲ ಎಂದು. ನನಗೆ ಕ್ಷಮೆ ಕೇಳಲು ಬರುವುದು ಒಂದೇ ರೀತಿ. ಬಕೆಟ್ಟು, ಗಾರೆ, ಮೆತ್ತುವ ಕರಣೆ ತೆಗೆದುಕೊಂಡು ಏಳು ಗಂಟೆಗೆ ಕಲಾಶಾಲೆಗೆ ಹೋದೆ. ಕೈಯಲ್ಲಿ ಸಾಮಾನು ನೋಡಿ ಕಾವಲಿನವನು ಬಾಗಿಲು ತೆಗೆದ. ನಾನು ಗುದ್ದಿದ ಗುಳಿಯ ಸುತ್ತ ಯಾರೋ ಪೆನ್ಸಿಲಿನಲ್ಲಿ ಚೌಕ ಹಾಕಿದ್ದರು, ಕೆಳಗೆ ಏನೋ ಬರೆದಿತ್ತು. ಕನ್ನಡಕ ಇಲ್ಲ. ನಮ್ಮ ಕಸುಬಿನಲ್ಲಿ ಪೆನ್ಸಿಲಿನ ಚೌಕಕ್ಕೆ ಇರುವುದು ಒಂದೇ ಅರ್ಥ: ಇಲ್ಲಿ ರಿಪೇರಿ ಮಾಡು. ಕೆಳಗಿರುವುದು ಅಳತೆ ಇರಬೇಕು ಎಂದುಕೊಂಡೆ. ಎಡಗೈಯಲ್ಲೇ ಮೆತ್ತಿದೆ. ಒಣಗಿಸಿ, ತಿಕ್ಕಿ, ಬಣ್ಣ ಬಳಿದು, ಪೆನ್ಸಿಲಿನ ಗೆರೆ ಅಕ್ಷರ ಒಂದೂ ಉಳಿಯದ ಹಾಗೆ ಒರೆಸಿದೆ. ಅಷ್ಟು ಚೆನ್ನಾಗಿ ಬಲಗೈಯಲ್ಲೂ ಮಾಡಿದವನಲ್ಲ. ನೆಲದ ಚೂರುಗಳನ್ನೂ ಗುಡಿಸಿ ಮೂಲೆಗೆ ಹಾಕಿ, ಗುಬ್ಬಿ ನೋಡಿ ಸಮಾಧಾನಪಡಲಿ ಎಂದು ಬಾಗಿಲಲ್ಲಿ ಕಾದೆ.

ಅವಳು ಬಂದಳು. ಗೋಡೆ ನೋಡಿದಳು. ಕೈಯಿಟ್ಟು ಸವರಿದಳು, ನಾನು ಸವರುವ ಹಾಗೆಯೇ. "ಇದನ್ನೂ ಮೆತ್ತಿದ್ಯಾ ಅಪ್ಪ" ಎಂದಳು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳು ನಿಮ್ಮಲ್ಲಿಗೆ ಬಂದಿದ್ದಾಳೆ. ಪರೀಕ್ಷಕರು ಬಂದಾಗ ಅಲ್ಲಿ ನಾಲ್ಕು ಚೌಕ ಮತ್ತು ಒಂದು ನುಣುಪಾದ ಗೋಡೆ ಇತ್ತು.

ಮೊನ್ನೆ ಮೇಡಂ ಮನೆಗೆ ಬಂದಿದ್ದರು. ನಾನು ತಳ್ಳಿದ್ದಕ್ಕೆ ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದರು. ಕೂರಿ ಎಂದರೂ ಕೂರಲಿಲ್ಲ. "ಆ ಗುಳಿ ಸುತ್ತ ಚೌಕ ಹಾಕಿದ್ದು ನಿಮ್ಮ ಮಗಳೇ. ಕೆಳಗೆ ಬರೆದಿದ್ಲು, 'ಹತ್ತನೆಯದು. ಇವತ್ತು' ಅಂತ. ಒಡೆದ ಚೂರುಗಳನ್ನ ಬಿದ್ದ ಹಾಗೇ ಬಿಡಿ ಅಂದಿದ್ಲು. ಹಾಗೇ ಇದ್ದಿದ್ರೆ ಅಷ್ಟು ದೊಡ್ಡ ಕೆಲಸ ನಮ್ಮ ಶಾಲೆಯಲ್ಲೇ ಇನ್ನೊಂದು ಇರ್ತಿರಲಿಲ್ಲ. ನೀವು ಬೆಳಗಾಗೋದ್ರಲ್ಲಿ ಅಳಿಸಿಬಿಟ್ರಿ" ಎಂದರು. ಏಪ್ರಿಲ್ ಹತ್ತರೊಳಗೆ ಒಡೆದ ಐದನ್ನು ಮತ್ತೆ ಮಾಡಿ ಒಂಬತ್ತನ್ನೂ ತೋರಿಸಿದರೆ ಪಾಸು, ಇಲ್ಲದಿದ್ದರೆ ಒಂದು ವರ್ಷ ಹೋದ ಹಾಗೆ ಎಂದರು. ಮಣ್ಣಿನ ಅಚ್ಚುಗಳು ಆಗಲೇ ಕರಗಿಹೋಗಿವೆಯಂತೆ.

ಹೋಗುವಾಗ ಚೀಟಿಗಳ ಒಂದು ಲಕೋಟೆ ಕೊಟ್ಟರು. ಹಳೆಯ ಕನ್ನಡಕ ಹುಡುಕಿ ಓದಿದೆ. "ಅಂಗಿಯ ಗುಂಡಿ ಹೊಲಿದಿರಲಿಲ್ಲ. ಭಾನುವಾರ." "ರೇಡಿಯೋ ಸದ್ದು ಜಾಸ್ತಿಯಾಗಿತ್ತು. ಮಂಗಳವಾರ." "ಏನೂ ಆಗಿರಲಿಲ್ಲ. ಶುಕ್ರವಾರ." ಒಂದೊಂದು ದಿನವೂ ಅವಳಿಗೆ ನೆನಪಿದೆ. ನನಗೆ ಒಂದೂ ನೆನಪಿಲ್ಲ.

ಮೈ ಉರಿಯಿತು. ಬೀರು ಎಳೆದೆ, ಕನ್ನಡಿ ಕಿತ್ತು ಬಿಸಾಡಿದೆ. ಅಡ್ಡಗೋಡೆಯ ತುಂಬ ಗುಳಿಗಳು ಬಾಯಿ ತೆರೆದುಕೊಂಡಿದ್ದವು. ಗಾರೆ ಕಲೆಸಿದೆ. ನಿಮ್ಮಮ್ಮ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. "ಈ ಸಲ ಮೆತ್ತಬೇಡಿ" ಎಂದಳು. ಆಚೆಗೆ ಸರಿ ಎಂದೆ. ಸರಿಯಲಿಲ್ಲ. ಕರಣೆ ಎತ್ತಿದೆ. ಅವಳ ಮುಖದ ಹತ್ತಿರಕ್ಕೆ ಹೋಗಿತ್ತು ಅದು, ಅಂಚಿನಿಂದ ಗಾರೆ ತೊಟ್ಟಿಕ್ಕುತ್ತಿತ್ತು. ಅವಳು ರೆಪ್ಪೆ ಬಡಿಯಲಿಲ್ಲ. "ಹೊಡೀರಿ. ಇದನ್ನ ಹೇಗೆ ಮೆತ್ತುತೀರೋ ನಾನೂ ನೋಡ್ತೀನಿ" ಎಂದಳು. ಇಪ್ಪತ್ತೇಳು ವರ್ಷದಲ್ಲಿ ಅವಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಕರಣೆ ಕೆಳಗಿಟ್ಟೆ. ಬಕೆಟ್ಟಿನ ಗಾರೆ ಅಲ್ಲೇ ಗಟ್ಟಿಯಾಗಿ ಕೂತಿದೆ, ಇನ್ನೂ ಎತ್ತಿಹಾಕಿಲ್ಲ.

ಆದ್ದರಿಂದ ಗುಬ್ಬಿಗೆ ಹೇಳು: ಒಂಬತ್ತೂ ಗುಳಿ ಹಾಗೇ ಇವೆ. ಬಂದು ಮತ್ತೆ ಅಚ್ಚು ತೆಗೆದುಕೊಳ್ಳಲಿ. ನಾನು ಶನಿವಾರವೇ ಹೊರಟು ನನ್ನ ತಮ್ಮನ ಮನೆಯಲ್ಲಿರುತ್ತೇನೆ, ಅವಳ ಕೆಲಸ ಮುಗಿಯುವವರೆಗೆ ಈ ಕಡೆ ತಲೆ ಹಾಕುವುದಿಲ್ಲ. ಬೀಗದ ಕೈ ನಿಮ್ಮಮ್ಮನ ಹತ್ತಿರವೇ ಇರುತ್ತದೆ. ಒಳ್ಳೆಯ ಪ್ಲಾಸ್ಟರ್ ಎರಡು ಚೀಲ ತಂದು ಹಿತ್ತಿಲ ಬಾಗಿಲ ಹತ್ತಿರ ಇಟ್ಟಿದ್ದೇನೆ, ತೇವ ತಗುಲದ ಹಾಗೆ. ಬೇಡವಾದರೆ ಬಿಡಲಿ. ಕ್ಷೌರಿಕನ ಮನೆಗೂ ಹೋಗಿ ಬಂದೆ. ಅವನು ಬಾಗಿಲು ತೆಗೆಯಲಿಲ್ಲ, ಅದು ಸರಿಯೇ.

ಗುಬ್ಬಿ ಚೆನ್ನಾಗಿ ಊಟ ಮಾಡುತ್ತಾಳೆಯೇ ನೋಡಿಕೋ. ನೀನೂ ನಿನ್ನ ಮನೆಯವರೂ ನೂರು ವರ್ಷ ಬಾಳಿ, ನಿಮ್ಮ ಮನೆಯ ಗೋಡೆಗಳು ನುಣುಪಾಗಿಯೇ ಇರಲಿ ಎಂದು ಹರಸುತ್ತೇನೆ.

ಇಂತು,
ನಿನ್ನ ಅಪ್ಪ

ಇನ್ನೊಂದು ಮಾತು. ಅಂಚೆಗೆ ಹಾಕುವ ಮೊದಲು ನಿಮ್ಮಮ್ಮನಿಗೆ ಕಾಗದ ಓದಿ ಹೇಳಿದೆ. ಪೂರ್ತಿ ಕೇಳಿ, "ಒಂಬತ್ತನೇದಕ್ಕೆ ಮುಷ್ಟಿ ಇಟ್ಟು ನೋಡಿದ್ರಾ" ಎಂದಳು. ಈಗ ನಮ್ಮ ಅಡ್ಡಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಮುಷ್ಟಿ ಕೂರುವುದಿಲ್ಲ. ಅದರಲ್ಲಿ ಗೆಣ್ಣುಗಳಿಲ್ಲ, ದುಂಡಗಿದೆ. ಎಂಟು ವರ್ಷದ ಮಗುವಿನ ಹಣೆಯ ಎತ್ತರಕ್ಕಿದೆ. ಅದನ್ನು ಎರಡು ಸಲ ಮೆತ್ತಿದ್ದೆ, ಮೊದಲ ಗಾರೆಯ ಮೇಲೆ ಕಲೆ ಎದ್ದು ಬಂದಿತ್ತು ಎಂದು. ಒಳಪದರ ಇನ್ನೂ ಕಂದು ಬಣ್ಣಕ್ಕಿದೆ. ಲಕೋಟೆಯಲ್ಲಿ ಎಂಟೇ ಚೀಟಿ ಇದ್ದವು. ಒಂಬತ್ತನೆಯದು ಅಕ್ಕನದು, ಅವಳೇ ಬರೆಯಲಿ ಎಂದು ಗುಬ್ಬಿ ಬಿಟ್ಟಿದ್ದಾಳಂತೆ. ಹೊಲಿಗೆ ಹಾಕುವಾಗ ಡಾಕ್ಟರಿಗೆ ಮೆಟ್ಟಿಲಿಂದ ಬಿದ್ದಳು ಎಂದು ಹೇಳಿದವನು ನಾನು; ನೀನೂ ನನ್ನ ಮುಖ ನೋಡಿ ಹಾಗೇ ಹೇಳಿದೆ. ಹೇಳುತ್ತಾ ಹೇಳುತ್ತಾ ನಾನು ನಂಬಿಯೂಬಿಟ್ಟೆ, ಈ ಕಾಗದದಲ್ಲೂ ಬರೆದಿದ್ದೇನೆ. ಅದನ್ನು ಹೊಡೆದುಹಾಕಲಿಲ್ಲ, ನೀನು ನೋಡಲಿ ಎಂದು ಬಿಟ್ಟಿದ್ದೇನೆ. ಆ ಚೀಟಿ ನೀನು ಬರೆ, ಮಗಳೇ. ಮೆಟ್ಟಿಲು ಎಂದು ಮಾತ್ರ ಬರೆಯಬೇಡ. ನಮ್ಮ ಮನೆಗೆ ಮೆಟ್ಟಿಲೇ ಇಲ್ಲ.