ದೊಡ್ಡಮ್ಮನ ಕಪಾಟಿನ ಚಕ್ರಗಳು ನನ್ನ ಬಳಿ ಇವೆ

ಗ್ರಂಥಾಲಯ ನವೀಕರಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ನೂತನ ಗ್ರಂಥಾಲಯದಲ್ಲಿ ಕಳೆದ ವಾರ ನಡೆದ ಕಳವಿನ ಅಪರಾಧಿ ನಾನೇ. ಕಿಟಕಿ ಪಕ್ಕದ ಗಿಡ್ಡ ಕಪಾಟಿನ ನಾಲ್ಕೂ ಚಕ್ರಗಳನ್ನು ಬಿಚ್ಚಿ ಕೋಟಿನ ಜೇಬಿಗಿಳಿಸಿದ್ದೇನೆ. ಪಶ್ಚಾತ್ತಾಪವಿಲ್ಲ. ಇಷ್ಟು ಚಕ್ರಗಳ ಒಡೆಯನಾದ ಮೇಲೆ ನನಗೆ ಕಳಿಸುವ ನೋಟಿಸಿನಲ್ಲಿ ಚಕ್ರವರ್ತಿಯೆಂದು ಸಂಬೋಧಿಸಿದರೂ ಆಕ್ಷೇಪವಿಲ್ಲ. ಆದರೆ ಮೊದಲು ನನ್ನ ದೂರು ಕೇಳಿ: ತಮ್ಮ ಗ್ರಂಥಾಲಯ ಒಂದು ಕಡೆ ನಿಲ್ಲುತ್ತಿಲ್ಲ.

'ಬದಲಾಗಬಲ್ಲ ಸಮುದಾಯ ತಾಣ' ಎಂದು ಬಾಗಿಲಲ್ಲೇ ಬರೆಸಿದ್ದೀರಿ. ಬೆಳಿಗ್ಗೆ ಹೊಲಿಗೆ ತರಗತಿ, ಮಧ್ಯಾಹ್ನ ಮಕ್ಕಳ ನಾಟಕ, ಸಂಜೆ ಬಾಡಿಗೆದಾರರ ಸಭೆ. ಎಲ್ಲವೂ ಬೇಕಾದವೇ, ಒಪ್ಪಿದೆ. ಆದರೆ ಪ್ರತಿಯೊಂದಕ್ಕೂ ಚಕ್ರದ ಕಪಾಟುಗಳನ್ನು ಅತ್ತಿತ್ತ ತಳ್ಳಿ, ಮುಗಿದ ಮೇಲೆ ತೋಚಿದಲ್ಲಿ ಬಿಟ್ಟು ಹೋಗುತ್ತಾರೆ. ಓದುವ ಜಾಗ ಓಡುವ ಜಾಗವಾಗಿದೆ. ಇತಿಹಾಸ ಮರುಕಳಿಸುತ್ತದೆ ಎನ್ನುತ್ತಾರೆ. ಇಲ್ಲಿ ಇತಿಹಾಸದ ಕಪಾಟು ಮರಳಿ ಸಿಕ್ಕರೆ ಸಾಕಾಗಿದೆ. ಯಾರನ್ನು ಕೇಳಿ ಈ ವಿನ್ಯಾಸ ಮಾಡಿದಿರಿ? ದಿನವೂ ಅಲ್ಲಿ ಬಂದು ಕೂರುವವರಲ್ಲಿ ಒಬ್ಬರನ್ನಾದರೂ ಕೇಳಿದಿರಾ?

ನನ್ನ ದೊಡ್ಡಮ್ಮನನ್ನು ಕೇಳಬಹುದಿತ್ತು. ಟೆಲಿಫೋನ್ ಆಪರೇಟರ್ ಆಗಿದ್ದವರು. ಈಗ ಕಣ್ಣು ಮಂಜು. ದಪ್ಪಕ್ಷರದ ಪುಸ್ತಕಗಳನ್ನಷ್ಟೇ ಓದಬಲ್ಲರು. ನವೀಕರಣಕ್ಕೆ ಮುಂಚೆ ಗೋಡೆ ಸವರಿಕೊಂಡು ಹೋಗಿ, ಕಿಟಕಿಯ ಬಿಸಿಲು ಕೆನ್ನೆಗೆ ತಾಗಿದೊಡನೆ ಕೈ ಚಾಚಿದರೆ ಪತ್ತೇದಾರಿ ಕಾದಂಬರಿ ಸಿಗುತ್ತಿತ್ತು. ನವೀಕರಣದ ನಂತರ ಅದೇ ಬಿಸಿಲಿಗೆ ಕೈ ಚಾಚಿ, ಹೊಲಿಗೆ ಮೇಷ್ಟರ ಬೋಳುತಲೆ ಸವರಿ ಬಂದರು.

"ಇನ್ನು ಹೋಗಲ್ಲ ಕಣೋ."

"ಸಿಬ್ಬಂದಿನ ಕೇಳಿದ್ರೆ ತೆಗೆದುಕೊಡ್ತಾರೆ, ದೊಡ್ಡಮ್ಮ."

"ಮಾತ್ರೆ ನೀನು ಕೊಡ್ತೀಯ, ರಸ್ತೆ ಯಾರೋ ದಾಟಿಸ್ತಾರೆ. ಪುಸ್ತಕ ಒಂದನ್ನ ನಾನೇ ತಗೋತಿದ್ದೆ. ಅದೂ ಹೋಯ್ತಾ?"

ಇದಕ್ಕೆ ತಮ್ಮ ನಕ್ಷೆಯಲ್ಲಿ ಉತ್ತರವಿದೆಯೇ? ನನ್ನಲ್ಲಿ ಸ್ಪ್ಯಾನರ್ ಇತ್ತು. ಮೂವತ್ತು ವರ್ಷಗಳ ಓದುಗ ನಾನು. ಕಣ್ಣು ಕಟ್ಟಿ ಬಿಟ್ಟರೂ ಆ ಗ್ರಂಥಾಲಯದಲ್ಲಿ ಯಾವ ಪುಸ್ತಕ ಎಲ್ಲಿದೆಯೆಂದು ಹೇಳಬಲ್ಲೆ. ನಾಟಕದ ಗದ್ದಲದ ನಡುವೆ ಕಿಟಕಿ ಪಕ್ಕದ ಆ ಗಿಡ್ಡ ಕಪಾಟಿನ ಹಿಂದೆ ಮಂಡಿಯೂರಿ, ಅದನ್ನು ಗೋಡೆಗೆ ವಾಲಿಸಿ, ಕೆಲಸ ಮುಗಿಸಿದೆ. ಸಮಿತಿ ಎರಡು ವರ್ಷ ಕೂತರೂ ಮಾಡಲಾಗದ್ದನ್ನು ಒಬ್ಬನೇ ಬಗ್ಗಿ ಮಾಡಿದೆ!

ನನ್ನ ಬೇಡಿಕೆ ಸಣ್ಣದು. ಒಂದು ಕಪಾಟು, ಒಂದು ಕುರ್ಚಿ, ಒಂದು ದೀಪವನ್ನು ನೆಲಕ್ಕೆ ಬಿಗಿಯಿರಿ; ಬಾಗಿಲಿನಿಂದ ಅಲ್ಲಿಯವರೆಗಿನ ದಾರಿಯಲ್ಲಿ ಏನನ್ನೂ ನಿಲ್ಲಿಸಬೇಡಿ. ಉಳಿದದ್ದು ಬೇಕಾದರೆ ತಾರಸಿಯ ಮೇಲೂ ಉರುಳಾಡಲಿ. ಮತ್ತು ಇದನ್ನು ಬೇಗ ಮಾಡಿ, ಏಕೆಂದರೆ ಇವತ್ತು ಬೆಳಿಗ್ಗೆ ದೊಡ್ಡಮ್ಮನನ್ನು ಒಪ್ಪಿಸಿ ಕರೆದೊಯ್ದಿದ್ದೆ. ಬಿಸಿಲು ತಾಗಿತು, ಕೈ ಚಾಚಿದರು, ಪುಸ್ತಕ ಸಿಕ್ಕಿತು. ನಾನು ಎದೆಯುಬ್ಬಿಸಿ ನಿಂತೆ. ಅವರು ಪುಟಕ್ಕೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದರು.

"ಅಕ್ಷರ ದಪ್ಪಗೇ ಇದೆ ಕಣೋ. ಆದ್ರೆ ಪುಟಕ್ಕೆ ಒಂದೇ ಇದೆಯಲ್ಲ? ಪಕ್ಕದಲ್ಲಿ ಆನೆ ಬೇರೆ. ಕೊಲೆ ಮಾಡಿದ್ದು ಇದೇನಾ?"

ನಾನು ಕದಲದಂತೆ ಕೂರಿಸಿದ್ದು ಎಳೆಮಕ್ಕಳ ಅಕ್ಷರಮಾಲೆಯ ಕಪಾಟು. ದೊಡ್ಡಮ್ಮನದು ಈಗ ಎಲ್ಲಿ ಅಲೆಯುತ್ತಿದೆಯೋ, ತಮಗೆ ಕಂಡರೆ ದಯವಿಟ್ಟು ತಿಳಿಸಿ.

ಇಂತಿ,
ಚಕ್ರಗಳನ್ನು ಹಿಂದಿರುಗಿಸಲು ಸಿದ್ಧನಿರುವ,
ಕಣ್ಣು ಕಟ್ಟದೆಯೂ ದಾರಿ ತಪ್ಪಿದ ಓದುಗ