ಅವ್ವಾ, ಎಮ್ಮೆಗೆ ಮೇವು ಸಾಕು

ಜಲನಗರ, ವಿಜಯಪುರ
ಬುಧವಾರ, ಇನ್ನೂ ಬೆಳಗಾಗಿಲ್ಲ

ಪ್ರೀತಿಯ ಅವ್ವಾ,

ಈಗ ರಾತ್ರಿ ಮೂರು ಗಂಟೆ. ಅಂಗಳದ ನಳದಲ್ಲಿ ಮೊದಲು ಗಾಳಿ ಬುಸುಗುಟ್ಟಿ, ಆಮೇಲೆ ಖಾಲಿ ಕೊಡದೊಳಗೆ ನೀರು ಧಡಧಡ ಬಿದ್ದ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಎನ್ನುವುದೂ ಸುಳ್ಳೇ, ನಿದ್ದೆ ಬಂದಿದ್ದರಲ್ಲವೇ ಎಚ್ಚರವಾಗುವುದು. ಇರಲಿ. ನೀನು ಹೇಗಿದ್ದೀ? ಮೊಣಕಾಲಿನ ಬಾವು ಇಳಿಯಿತೋ ಇಲ್ಲವೋ? ಶಿವಾಜಿ ತಂದುಕೊಟ್ಟ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ತೀರಿಹೋದೀತೆಂದು ಗೂಡಿನಲ್ಲಿ ಜೋಪಾನ ಮಾಡಿ ಇಟ್ಟಿದ್ದೀಯೋ? ಹಚ್ಚಿಕೋ ಬೇ, ಅದು ಇರುವುದು ಹಚ್ಚಿಕೊಳ್ಳುವುದಕ್ಕೇ. ಎಮ್ಮೆ ಈದಿದೆಯಂತೆ, ಹಿಂಡಲಿಕ್ಕೆ ನೀನು ಕೆಳಗೆ ಕೂರಬೇಡ, ಸೊಸೆಗೆ ಹೇಳು. ಮಿತ್ರಾ ಚೆನ್ನಾಗಿದ್ದಾಳೆ. ಎದೆಹಾಲು ಬಿಡಿಸಿ ತಿಂಗಳ ಮೇಲಾಯಿತು, ಈಗ ಕೇಳುವುದಿಲ್ಲ. ಆದರೆ ನಿದ್ದೆಗಣ್ಣಿನಲ್ಲಿ ಕೈ ಮಾತ್ರ ಹುಡುಕುತ್ತಾ ಬರುತ್ತದೆ, ಬಂದು ಸರಿಯಾಗಿ ಎದೆಯ ಆ ಗಡ್ಡೆಯ ಮೇಲೇ ಕೂರುತ್ತದೆ.

ಫೋನಿರುವ ಕಾಲದಲ್ಲಿ ಇವಳದೇನು ಕಾಗದ ಎನ್ನಬೇಡ. ಫೋನು ಮಾಡಿ ಮಾಡಿ ಸಾಕಾಗಿಯೇ ಬರೆಯುತ್ತಿರುವುದು. ಸೋಮವಾರ ಸಂಜೆ ಮಾಡಿದೆ, ಶಿವಾಜಿ ಎತ್ತಿದ. "ಅವ್ವ ಎಮ್ಮಿಗೆ ಮೇವ್ ಹಾಕಾಕ ಹೋಗ್ಯಾಳಕ್ಕಾ." ನಿನ್ನೆ ಬೆಳಿಗ್ಗೆ ಮಾಡಿದೆ, ಮೇವು ಹಾಕಲಿಕ್ಕೆ ಹೋಗಿದ್ದಾಳೆ. ನಿನ್ನೆ ರಾತ್ರಿ ಊಟದ ಹೊತ್ತು ಮುಗಿದ ಮೇಲೆ ಮಾಡಿದೆ, ಆಗಲೂ ಮೇವು. ಯಾವ ಊರಿನ ಎಮ್ಮೆ ಅದು, ರಾತ್ರಿ ಹಗಲು ತಿನ್ನುವಂಥದ್ದು? ಅದಕ್ಕೇ ಈ ಕಾಗದವನ್ನು ನಮ್ಮ ಎದುರು ಮನೆಯ ಉಮರ ಸರ್ ಕೈಯಲ್ಲಿ ಕಳಿಸುತ್ತೇನೆ. ನಮ್ಮೂರು ಮಮದಾಪುರದ ಸಾಲಿಗೆ ಪಾಠ ಹೇಳಲಿಕ್ಕೆ ಅವರು ಇಲ್ಲಿಂದಲೇ ದಿನಾ ಬರುತ್ತಾರಲ್ಲ, ನಿನ್ನ ಕೈಯಲ್ಲಿಯೇ ಕೊಡಿ, ಶಿವಾಜಿಯ ಕೈಯಲ್ಲಿ ಕೊಡಬೇಡಿ ಎಂದು ಹೇಳಿ ಕೊಡುತ್ತೇನೆ. ನಿಧಾನವಾಗಿ ಓದು. ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ.

ನೀರಿನ ಕಥೆ ಕೇಳು. ನಮ್ಮ ಓಣಿಗೆ ನೀರು ಯಾವಾಗ ಬರುತ್ತದೆಂದು ಹೇಳುವ ಮನುಷ್ಯ ಇನ್ನೂ ಹುಟ್ಟಿಲ್ಲ, ಬಂದರೆ ಹೀಗೆ ಅಪರಾತ್ರಿಯಲ್ಲೇ ಬರುತ್ತದೆ. ಮದುವೆಯಾಗಿ ಬಂದಾಗಿನಿಂದ ನಮ್ಮ ಅತ್ತೆ ನನ್ನನ್ನು ಎಬ್ಬಿಸಿದ್ದು ಒಂದೇ ರೀತಿಯಲ್ಲಿ, ಬಾಗಿಲಿಗೆ ತಂಬಿಗೆ ಬಡಿದು. "ಆಮ್ರಪಾಲಿ, ನಳಾ ಬಂದಾವ, ಏಳ. ಡಿಗ್ರಿ ಆದವ್ರಿಗೆ ನೀರ್ ಬ್ಯಾಡೇನ?" ಮಿತ್ರಾ ಹೊಟ್ಟೆಯಲ್ಲಿದ್ದಾಗ ಕೂಡ ಅರ್ಧ ಕೊಡ ಹೊರಿಸಿದವರು ಅವರು, ಪೂರ್ತಿ ಕೊಡ ಬೇಡ ಎಂದದ್ದೇ ದೊಡ್ಡ ಉಪಕಾರ. ಇವತ್ತು ನಾನೆದ್ದು ಹೋಗುವಷ್ಟರಲ್ಲಿ ಒಬ್ಬರೇ ನಿಂತು ತುಂಬುತ್ತಿದ್ದರು. ಆ ಮೊದಲ ಸದ್ದಾದ ಮೇಲೆ ಮತ್ತೆ ಸದ್ದಾಗದಿರಲೆಂದು ನಳದ ಬಾಯಿಗೆ ಹಳೆಯ ಅರಿವೆ ಬೇರೆ ಕಟ್ಟಿದ್ದರು. ನಾನು ಕೊಡಕ್ಕೆ ಕೈಹಾಕಿದರೆ ಕಸಿದುಕೊಂಡು, "ನೀ ಮಕ್ಕೊ ಹೋಗವಾ, ತಂಪ ಹತ್ತತೈತಿ" ಎಂದರು. ಹೋಗವಾ ಅಂತೆ. ನನಗೆ. ಅವರ ಬಾಯಿಂದ. ಅವ್ವಾ, ಗಡ್ಡೆಗೆ ಸೂಜಿ ಚುಚ್ಚಿದ ದಿನವೂ ನನಗೆ ಇಷ್ಟು ಹೆದರಿಕೆ ಆಗಿರಲಿಲ್ಲ.

ಇದೊಂದೇ ಆಗಿದ್ದರೆ ಮುದುಕಿಗೆ ಬುದ್ಧಿ ಬಂತು ಎಂದು ಸುಮ್ಮನಿರುತ್ತಿದ್ದೆ. ಸೋಮವಾರದಿಂದ ಇಡೀ ಮನೆಗೇ ಬುದ್ಧಿ ಬಂದಿದೆ. ನಿನ್ನ ಅಳಿಯ ಪ್ರತಾಪರಾಯರು ತಿಕೋಟಾ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ ಇಷ್ಟು ವರ್ಷದಿಂದ ಇದ್ದಾರೆ, ಊರಿನವರ ದ್ರಾಕ್ಷಿಯೆಲ್ಲ ಒಣಗಿ ಅವರ ಕಣ್ಣೆದುರಿಗೇ ರಾಶಿ ಬೀಳುತ್ತದೆ. ಮನೆಗೆ ಮಾತ್ರ ತರುತ್ತಿದ್ದುದು ಆರಿಸಿ ಉಳಿದದ್ದನ್ನು, ತೊಟ್ಟು, ಕಸ, ಕಪ್ಪಗೆ ಸುಟ್ಟ ಕಾಳು. "ತಿನ್ನಾಕ ಎಲ್ಲಾ ಒಂದ" ಎನ್ನುತ್ತಿದ್ದರು. ಸೋಮವಾರ ರಾತ್ರಿ ಒಂದು ಡಬ್ಬಿ ತಂದು ನನ್ನ ಮುಂದಿಟ್ಟರು. ಹಸಿರು ಬಣ್ಣದ್ದು, ಉದ್ದ ಕಾಳಿನದು, ಹೊರದೇಶಕ್ಕೆ ಹೋಗುವಂಥದ್ದು. ನಾನು ತಿನ್ನುವವರೆಗೂ ಎದುರಿಗೆ ಕೂತು ನೋಡಿದರು. ಯಾಕೆ ಎಂದರೆ "ಏನೂ ಇಲ್ಲ, ಸುಮ್ನ" ಎಂದರು. ರಿಪೋರ್ಟ್ ಬಂತೇ ಎಂದು ನೇರವಾಗಿಯೇ ಕೇಳಿದೆ. "ಬಂದ್ರ ಹೇಳೂದಿಲ್ಲೇನ? ನೀ ಮೊದ್ಲ ಊಟ ಮಾಡ" ಎಂದು ಎದ್ದು ಹೋಗಿ ತೊಳೆದಿಟ್ಟ ತಾಟನ್ನೇ ಮತ್ತೊಮ್ಮೆ ತೊಳೆಯತೊಡಗಿದರು. ಈ ಮನುಷ್ಯ ತಾಟು ತೊಳೆದದ್ದನ್ನು ನೀನು ಎಂದಾದರೂ ನೋಡಿದ್ದೀಯಾ?

ಅದಕ್ಕೆ ನಿನ್ನೆ ನಾನೊಂದು ಪರೀಕ್ಷೆ ಮಾಡಿದೆ. ಬ್ಯಾಳಿಗೆ ಬೇಕಂತಲೇ ಎರಡು ಪಾಲು ಉಪ್ಪು ಹಾಕಿದೆ. ನಾಲಿಗೆಗೆ ಇಟ್ಟರೆ ಕಣ್ಣಲ್ಲಿ ನೀರು ಬರಬೇಕು, ಹಾಗೆ. ನಮ್ಮ ಅತ್ತೆಯ ಬಾಯಿ ನಿನಗೆ ಗೊತ್ತಲ್ಲ, ಒಂದು ಕಾಳು ಉಪ್ಪು ಹೆಚ್ಚಾದರೆ ನಮ್ಮ ಅಡುಗೆಯ ವರ್ತಮಾನ ಜೋರಾಪುರ ಪೇಟೆಯವರೆಗೂ ಹೋಗುತ್ತದೆ. ನಿನ್ನೆ ರೊಟ್ಟಿ ಮುರಿದರು, ಬ್ಯಾಳಿಯಲ್ಲಿ ಅದ್ದಿದರು, ಬಾಯಿಗಿಟ್ಟರು, ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ "ಛಲೋ ಆಗೇತಿ" ಎಂದರು. ಮಗನೂ ತಲೆ ಎತ್ತದೆ "ಹ್ಞೂಂ, ಛಲೋ ಆಗೇತಿ" ಎಂದ. ಇಬ್ಬರೂ ಒಂದು ತುತ್ತು ಬಿಡದೆ ತಿಂದು ಒಂದು ಹೂಜಿ ನೀರು ಕುಡಿದರು. ಅದನ್ನು ನೋಡಿ ನಾನು ಅಡುಗೆಮನೆಯಲ್ಲಿ ನಿಂತು ನಕ್ಕೆ. ನಗುತ್ತಾ ನಗುತ್ತಾ ಬಾಯಿಗೆ ಸೆರಗು ತುರುಕಿಕೊಂಡೆ.

ಸೂಜಿ ಚುಚ್ಚಿದ ಶುಕ್ರವಾರದ ದಿನವೇ ನನಗೆ ಅನುಮಾನ ಬರಬೇಕಿತ್ತು. ಡಾಕ್ಟರಮ್ಮ ಒಳ್ಳೆಯವರೇ. ಇಂಥ ಗಡ್ಡೆಗಳಲ್ಲಿ ಬಹಳಷ್ಟು ಏನೂ ಆಗಿರುವುದಿಲ್ಲ, ಆದರೂ ಪರೀಕ್ಷೆ ಮಾಡಿಯೇ ಹೇಳಬೇಕು, ಗುರುವಾರ ಬನ್ನಿ ಎಂದು ನನ್ನ ಮುಖ ನೋಡಿಯೇ ಹೇಳಿದರು. ಹೊರಗೆ ಬಂದರೆ ಟೇಬಲ್ಲಿನ ಹತ್ತಿರ ಕೂತ ನರ್ಸ್ "ಮನಿಯವ್ರು ಯಾರ ಬಂದೀರಿ?" ಎಂದು ಕೂಗಿದಳು. ನಾನೇ ಮನೆಯವಳು ಎಂದು ನನ್ನ ನಂಬರ್ ಹೇಳಿದೆ. ಆಕೆ ಪೆನ್ನು ಎತ್ತಿ ಹಿಡಿದು, ನಿನ್ನ ಅಳಿಯ ತಮ್ಮ ನಂಬರ್ ಹೇಳುವವರೆಗೂ ಕಾದಳು, ಅದನ್ನೇ ಬರೆದುಕೊಂಡಳು. ಗಡ್ಡೆ ನನ್ನದು, ಸೂಜಿ ನನಗೆ, ಸುದ್ದಿ ಮಾತ್ರ ಅವರಿಗೆ. ಬಿಎಸ್ಸಿ ಮಾಡಿ ಇಷ್ಟು ಪುಸ್ತಕ ಓದಿದವಳು ನಾನು ಅಲ್ಲಿ ಚೀಲ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಇನ್ನು ಓಣಿಯವರು ಬೇರೆ. ಹಾಲು ಗಡ್ಡೆ ಕಟ್ಟಿದೆ ಎನ್ನುವವರೊಬ್ಬರು, ಔಡಲೆಣ್ಣೆ ಕಾಸಿ ಹಚ್ಚು ಎನ್ನುವವರೊಬ್ಬರು, ಮಗುವಿಗೆ ಮತ್ತೆ ಕುಡಿಸು ಕರಗುತ್ತದೆ ಎನ್ನುವವರೊಬ್ಬರು. ಆ ರೋಗದ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ, "ಅದು" ಎನ್ನುತ್ತಾರೆ, "ಹಂತಾದ್ದೇನ್ ಇರೂದಿಲ್ಲ ಬಿಡ" ಎನ್ನುತ್ತಾರೆ. ನಾನು ರಾತ್ರಿಯೆಲ್ಲ ಫೋನಿನಲ್ಲಿ ಅದೇ ಹೆಸರನ್ನು ಒತ್ತಿ ಒತ್ತಿ ಓದುತ್ತೇನೆ. ಓದಿದಷ್ಟೂ ಗಡ್ಡೆ ದೊಡ್ಡದಾದಂತೆ ಆಗುತ್ತದೆ. ಫೋನು ಬೋರಲು ಹಾಕಿ ಮಲಗುತ್ತೇನೆ, ಐದು ನಿಮಿಷಕ್ಕೆ ಮತ್ತೆ ಎತ್ತುತ್ತೇನೆ.

ಯಾಕಿಷ್ಟು ಹೆದರುತ್ತೀ ಎನ್ನುತ್ತೀಯೇನೋ. ದುಂಡವ್ವ ಆಯಿ ನೆನಪಿದ್ದಾಳಲ್ಲ, ನಿನ್ನ ಅತ್ತೆ? ಅವಳಿಗೆ ಹೊಟ್ಟೆಯಲ್ಲಿ ಅದೇ ಬಂದಾಗ ಹುಣ್ಣು ಎಂದು ಹೇಳಿದ್ದೆವು. ಅಪ್ಪ ಅವಳಿಗೆ ಹೊಸ ಕಂಬಳಿ ತಂದ. ಜೀವಮಾನವಿಡೀ ಅವಳ ಜೊತೆ ಜಗಳಾಡಿದ ನೀನು ದಿನಾ ಸಜ್ಜಕ ಮಾಡಿ ತುಪ್ಪ ಸುರಿದು ಕೊಟ್ಟೆ. ಒಂದು ದಿನ ಅವಳು ತಾಟನ್ನು ಸರಿಸಿ ಎಲ್ಲರನ್ನೂ ಒಂದು ಸುತ್ತು ನೋಡಿ ಕೇಳಿದ್ದು ನನಗಿನ್ನೂ ಕಿವಿಯಲ್ಲಿದೆ. "ಎಲ್ಲಾರೂ ಒಮ್ಮಿಗೇ ಇಷ್ಟ ಛಲೋ ಮಂದಿ ಯಾಕ ಆಗೀರಿ? ನಾ ಏನ್ ಸಾಯಾಕತ್ತೇನೇನು?" ನೀನು ಎದ್ದು "ಎಮ್ಮಿಗೆ ಮೇವ್ ಹಾಕಿ ಬರ್ತೀನಿ" ಎಂದು ಹೋದೆ. ನಾನು ನಿನ್ನ ಹಿಂದೆಯೇ ಬಂದಿದ್ದೆ, ನಿನಗೆ ಗೊತ್ತಾಗಲಿಲ್ಲ. ಎಮ್ಮೆಯ ಮುಂದೆ ಮೇವು ಆಗಲೇ ಬಿದ್ದಿತ್ತು. ನೀನು ಅದರ ಕೊರಳಿಗೆ ಮುಖ ಒತ್ತಿಕೊಂಡು ನಿಂತಿದ್ದೆ.

ಈಗ ಹೇಳು, ಸೋಮವಾರದಿಂದ ನೀನು ಹಾಕುತ್ತಿರುವುದು ಯಾವ ಮೇವು?

ನನಗೆ ಸಿಟ್ಟು ಬಂದಿರುವುದು ರೋಗದ ಮೇಲಲ್ಲ. ಅದು ಇದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ, ಇಲ್ಲದ್ದರ ಮೇಲೆ ಎಲ್ಲಿಯ ಸಿಟ್ಟು. ನಿಮ್ಮೆಲ್ಲರ ಮೇಲೆ ಸಿಟ್ಟು. ಇದ್ದರೆ ಇದೆ ಎನ್ನಿ, ಔಷಧ ಮಾಡಿಸಿಕೊಳ್ಳುತ್ತೇನೆ. ಈ ಕಾಲದಲ್ಲಿ ಬೇಗ ಗೊತ್ತಾದರೆ ಗುಣವಾಗುತ್ತದೆ ಎಂದು ಡಾಕ್ಟರಮ್ಮನೇ ಹೇಳಿದ್ದಾರೆ. ಇಲ್ಲದಿದ್ದರೆ ಇಲ್ಲ ಎನ್ನಿ, ಇವತ್ತೇ ಗಡದ್ದಾಗಿ ನಿದ್ದೆ ಮಾಡುತ್ತೇನೆ. ಈ ಸಕ್ಕರೆ ಮಾತು, ಈ ಹಸಿರು ದ್ರಾಕ್ಷಿ, ಉಪ್ಪು ನುಂಗಿ ಛಲೋ ಆಗಿದೆ ಎನ್ನುವುದು ನನ್ನಿಂದ ತಡೆಯಲಿಕ್ಕಾಗದು. ಬದುಕಿರುವಾಗಲೇ ಫೋಟೋಕ್ಕೆ ಹಾರ ಹಾಕಿದ ಹಾಗಿದೆ.

ಬೆಳಕಾಗುತ್ತಿದೆ, ಮಿತ್ರಾ ಹೊರಳಾಡುತ್ತಿದ್ದಾಳೆ. ಅಪ್ಪನ ಫೋಟೋದ ಮುಂದೆ ನನ್ನದೂ ಒಂದು ಮೇಣದಬತ್ತಿ ಹಚ್ಚು. ಶಿವಾಜಿಗೂ ಅವನ ಹೆಂಡತಿಗೂ ಜೈಭೀಮ. ಸುಳ್ಳು ಹೇಳುವುದಾದರೆ ದಿನಕ್ಕೊಂದು ಹೊಸದು ಹೇಳು ಎಂದು ಅವನಿಗೆ ಹೇಳು. ಸಿಟ್ಟಿನಲ್ಲಿ ಏನಾದರೂ ಹೆಚ್ಚು ಕಡಿಮೆ ಬರೆದಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಮಗಳು,
ಆಮ್ರಪಾಲಿ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಉಮರ ಸರ್ ಗಾಡಿ ಚಾಲೂ ಮಾಡಿ ನಿಂತಿದ್ದಾರೆ. ಅತ್ತೆ ಈಗ ಒಳಗೆ ಬಂದರು, ಸೆರಗೆಲ್ಲ ಒದ್ದೆ. ನಾನು ಅವರ ಕೈ ಹಿಡಿದು, ನಿಮಗೆ ಗೊತ್ತಿದೆ, ಹೇಳಿಬಿಡಿ ಎಂದೆ. ಅವರು ಮಂಚದ ಮೇಲೆ ಕುಸಿದು ಕೂತರು. "ನನಗೇನ್ ಗೊತ್ತೈತಿ? ನನ್ ಮುಂದ ಯಾರ್ ಏನ್ ಹೇಳ್ತಾರ? ಸೋಮಾರ ಮುಂಜಾನಿ ಪ್ರತಾಪ ಕೆಲಸಕ್ಕ ಹೋಗಿಲ್ಲ. ಬಬಲೇಶ್ವರ ಸ್ಟ್ಯಾಂಡಿಗೆ ಬರ್ರಿ ಅತ್ತಿ, ಅಲ್ಲೇ ಮಾತಾಡೂಣು ಅಂತ ನಿಮ್ಮವ್ವಗ ಫೋನ್ ಮಾಡಿದ್ದ. ಅಷ್ಟ ಕೇಳೇನಿ. ಆವಾಗಿಂದ ನನಗ ರೊಟ್ಟಿ ಗಂಟಲಾಗ ಇಳೀವಲ್ದು." ಆಮೇಲೆ ಕಣ್ಣೊರೆಸಿಕೊಂಡು, "ಅದರಾಗ ನೀ ಬ್ಯಾರೆ ಬ್ಯಾಳ್ಯಾಗ ವಿಷದಂಗ ಉಪ್ಪ ಹಾಕೀದಿ, ಮಂಗ್ಯಾನಂಥಾಕಿ" ಎಂದು ಬೈದರು. ಅವ್ವಾ, ಸೋಮವಾರದಿಂದ ಮೊದಲ ಸಲ ನನಗೆ ಉಸಿರು ಸರಿಯಾಗಿ ಬಂತು.

ಅಂದರೆ ಗೊತ್ತಿರುವುದು ನಿನಗೆ. ಅಳಿಯ ಆಣೆ ಹಾಕಿಸಿಕೊಂಡಿದ್ದಾರೇನೋ, ಆ ಆಣೆ ನನ್ನ ತಲೆಯ ಮೇಲಿರಲಿ, ಮುರಿ. ನಾಳೆ ಮುಂಜಾನೆ ಡಾಕ್ಟರಮ್ಮನ ಮುಂದೆ ನಾನೊಬ್ಬಳೇ ಏನೂ ತಿಳಿಯದವಳ ಹಾಗೆ ಕೂರಲಾರೆ. ಶಿವಾಜಿ ಫೋನು ಕೊಡದಿದ್ದರೆ ಉಮರ ಸರ್ ತಮ್ಮದನ್ನು ಕೊಡುತ್ತಾರೆ, ಹೇಳಿದ್ದೇನೆ. ಇವತ್ತು ಹಗಲಾಗಲಿ, ಸರಿರಾತ್ರಿಯಾಗಲಿ, ನಾಳೆ ಬೆಳಗಾಗುವುದರೊಳಗೆ ಮಾಡು. ಊಟ ಆಯಿತೇ ಎಂದು ಕೇಳಬೇಡ, ಸಮಾಧಾನ ಹೇಳಬೇಡ. ಇದ್ದದ್ದನ್ನು ಹೇಳು, ಹೇಳಲಿಕ್ಕೆ ಬಾಯಿ ಬಾರದಿದ್ದರೆ ಸುಮ್ಮನೆ ಫೋನು ಹಿಡಿದು ನಿಲ್ಲು, ನನಗೆ ತಿಳಿಯುತ್ತದೆ. ನಾನೂ ಅತ್ತೆಯೂ ಇಬ್ಬರೂ ಫೋನಿನ ಮುಂದೆಯೇ ಕೂತಿರುತ್ತೇವೆ. ಎಮ್ಮೆಗೆ ಮೇವು ಸಾಕು, ಬಿಟ್ಟು ಬಾ ಬೇ, ಫೋನು ಮಾಡು.