ಅಗಲ ಪಟ್ಟಿಯ ವಾಚು

ಅಮ್ಮಾ,

ನೀನು ಹೋದ ಮೇಲೆ ನನಗೂ ತೊನ್ನು ಬಂತು. ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಬೀರುವಿನಂಥ ಪೆಟ್ಟಿಗೆಯೊಳಗೆ ನಿಂತು ನೇರಳಾತೀತ ಬೆಳಕಿಗೆ ಮೈಯೊಡ್ಡುತ್ತೇನೆ. ಇವತ್ತು ನರ್ಸಮ್ಮ ಕೈ ನೋಡಿ ಗದರಿದರು: "ಎಲ್ಲಾ ಕಡೆ ಬಣ್ಣ ಬರ್ತಿದೆ, ಮಣಿಕಟ್ಟು ಮಾತ್ರ ಸುಣ್ಣ ಬಳಿದ ಹಾಗಿದೆ. ಇಷ್ಟು ದಿನ ವಾಚ್ ಕಟ್ಕೊಂಡೇ ಒಳಗೆ ನಿಲ್ತಿದ್ರಾ?"

ಹೌದು, ನಿನ್ನದೇ ವಾಚು. ಮೈಮೇಲಿನದ್ದೆಲ್ಲ ತೆಗೆದಿಡುವವಳು ಇದೊಂದನ್ನು ಹೇಗೆ ಮರೆತೆನೋ, ನನಗೇ ತಿಳಿಯುತ್ತಿಲ್ಲ.

ನನ್ನ ಶಾಲೆಗೆ ಬರುವಾಗ ನಿನ್ನ ಮಣಿಕಟ್ಟಿನ ಬಿಳಿ ಮಚ್ಚೆ ಕಾಣಬಾರದು ಎಂದು ನಾನು ಹಟ ಹಿಡಿದ ಮರುದಿನವೇ ಅಲ್ಲವೇ ನೀನು ಇದನ್ನು ಕೊಂಡದ್ದು? ಅದು ಕೆಟ್ಟು ನಿಂತ ಮೇಲೂ ನೀನು ಬಿಚ್ಚಲಿಲ್ಲ.

ಇವತ್ತು ಬಿಚ್ಚಿಟ್ಟೆ. ಒಳಗೆ ದೀಪ ಹತ್ತಿದ ಕೂಡಲೇ ಇನ್ನೊಂದು ಕೈ ತಾನಾಗಿ ಹೋಗಿ ಮಣಿಕಟ್ಟು ಹಿಡಿದುಕೊಂಡಿತು. ನಿನಗಿದ್ದಲ್ಲೇ ನನಗೂ ಬಂದ ಈ ಬಿಳುಪನ್ನು ಮುಚ್ಚುತ್ತಿದ್ದೆನೋ, ಉಳಿಸಿಕೊಳ್ಳುತ್ತಿದ್ದೆನೋ, ನೀನೇ ಹೇಳಮ್ಮ.